ಏರ್‌ಬಸ್ ಎ320 ಕಾಕ್‌ಪಿಟ್: ತಲೆ ಮೇಲಿನ ಪ್ಯಾನಲ್ ಸೂಪರ್, ಥ್ರಸ್ಟ್ ಲಿವರ್ ಬಗ್ಗೆ ತಕರಾರಿದೆ

ಎ320 ಪ್ರಯಾಣಿಕ ವಿಮಾನದ ಕಾಕ್‌ಪಿಟ್‌ನಲ್ಲಿ ಮೊದಲು ಇಷ್ಟವಾದದ್ದು ಹೇಳ್ತೀನಿ. ತಲೆ ಮೇಲಿನ ಪ್ಯಾನಲ್‌ನಲ್ಲಿ ಎಲ್ಲ ಸರಿಯಿದ್ದರೆ ಒಂದು ದೀಪವೂ ಉರಿಯಲ್ಲ. ಏನಾದರೂ ಕೆಟ್ಟರೆ ಅದೇ ಬಟನ್ ಮೇಲೆ ಹಳದಿ ದೀಪ, ಮುಂದಿನ ಪರದೆಯಲ್ಲಿ ಏನು ಮಾಡಬೇಕು ಅನ್ನೋ ಪಟ್ಟಿ. ವಿಮಾನದ ಚಕ್ರಗಳನ್ನು ಇಳಿಸಿ ಏರಿಸುವ ಗೇರ್ ಲಿವರ್‌ನ ತುದಿ ಚಕ್ರದ ಆಕಾರದಲ್ಲಿದೆ, ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ. ದಣಿದ ಪೈಲಟ್‌ಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಆದರೆ ಎಂಜಿನ್ ಶಕ್ತಿ ಹೊಂದಿಸುವ ಥ್ರಸ್ಟ್ ಲಿವರ್? ಆಟೋಥ್ರಸ್ಟ್, ಅಂದರೆ ಎಂಜಿನ್ ಶಕ್ತಿಯನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ, ಅದನ್ನು ಏರಿಸಲಿ ಇಳಿಸಲಿ, ಲಿವರ್ ಅಲುಗಾಡಲ್ಲ. ಕೈಗೆ ಸಿಗಬೇಕಾದ ಸುಳಿವನ್ನು ಕಣ್ಣಿನಿಂದಲೇ ಹುಡುಕಬೇಕು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ ಇಂಡಿಯನ್ ಏರ್‌ಲೈನ್ಸ್‌ನ ಎ320 ಬಿದ್ದು 92 ಜನ ಸತ್ತರು. ಎಂಜಿನ್ ಐಡಲ್‌ನಲ್ಲಿ, ಅಂದರೆ ಅತಿ ಕಡಿಮೆ ಶಕ್ತಿಯಲ್ಲಿತ್ತು, ವೇಗ ಇಳಿಯುತ್ತಿದ್ದುದು ಗಮನಕ್ಕೆ ಬಂದಾಗ ತಡವಾಗಿತ್ತು. ಪೈಲಟ್ ತಪ್ಪು ಅಂತ ಸುಮ್ನೆ ಕೈತೊಳೆದುಕೊಂಡರೆ ಸಾಲದು ಅಲ್ವಾ?

1992ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಹತ್ತಿರ ಇನ್ನೊಂದು ಎ320 ಬೆಟ್ಟಕ್ಕೆ ಬಡಿಯಿತು. 3.3 ಡಿಗ್ರಿ ಇಳಿಜಾರು ಅಂದುಕೊಂಡು ಪೈಲಟ್‌ಗಳು ಹಾಕಿದ 33, ನಿಮಿಷಕ್ಕೆ 3,300 ಅಡಿ ಇಳಿತವಾಗಿರಬಹುದು ಅನ್ನೋದು ತನಿಖೆಯಲ್ಲಿ ಬಂದ ಮುಖ್ಯ ಅನುಮಾನ. ತಿರುಗಿಸುವ ನಾಬ್ ಒಂದೇ, ಅಂಕೆ ತೋರಿಸುವ ಕಿಟಕಿ ಒಂದೇ, ಎರಡು ಅರ್ಥ! ಆಮೇಲೆ ಏರ್‌ಬಸ್ ಇಳಿತದ ವೇಗವನ್ನು ನಾಲ್ಕು ಅಂಕೆಯಲ್ಲಿ ತೋರಿಸುವ ಹಾಗೆ ಬದಲಿಸಿತು. ಆ ಬದಲಾವಣೆಗೆ ಪೂರ್ತಿ ಅಂಕ ಕೊಡ್ತೀನಿ.

ಸೈಡ್‌ಸ್ಟಿಕ್, ಅಂದರೆ ವಿಮಾನ ನಡೆಸಲು ಇಬ್ಬರು ಪೈಲಟ್‌ಗಳ ಪಕ್ಕದಲ್ಲೂ ಇರುವ ಪುಟ್ಟ ಹಿಡಿಕೆ, ಮಾತ್ರ ಇನ್ನೂ ಹಾಗೇ ಇದೆ. ಒಬ್ಬರು ಎಳೆದದ್ದು ಇನ್ನೊಬ್ಬರ ಕೈಗೆ ಗೊತ್ತಾಗಲ್ಲ. ಗಲ್ಫ್‌ಸ್ಟ್ರೀಮ್ ಜಿ500 ಅನ್ನೋ ಬಿಸಿನೆಸ್ ಜೆಟ್‌ನಲ್ಲಿ ಎರಡೂ ಜೊತೆಗೇ ಅಲುಗಾಡುತ್ತವೆ. ಏರ್‌ಬಸ್‌ನ ಮುಂದಿನ ವಿಮಾನಕ್ಕೆ ಇದು ಬರಲೇಬೇಕು.