ಪ್ರಾಣಿ ಮುಖದ ಕೇಕ್ ಪಾಪ್ ಕಿಟ್: ಎರಡು ವರ್ಷಗಳ ಬಳಕೆಯ ನಂತರ

ಕಾರ್ಟೂನು ಪ್ರಾಣಿಗಳ ಮುಖದ ಕೇಕ್ ಪಾಪ್ (ಕಡ್ಡಿಗೆ ಚುಚ್ಚಿ ಬಣ್ಣದ ಸಿಹಿ ಲೇಪದಲ್ಲಿ ಅದ್ದಿದ ಪುಟ್ಟ ಕೇಕ್ ಉಂಡೆ) ಮಾಡಲು ಬೇಕಾದುದೆಲ್ಲವೂ ಒಂದೇ ಪೆಟ್ಟಿಗೆಯಲ್ಲಿದೆ ಎಂಬ ಭರವಸೆಯ ಮೇಲೆ ನಾನು ಈ ಕಿಟ್ ಕೊಂಡು ಎರಡು ವರ್ಷಗಳಾದವು. ಪೆಟ್ಟಿಗೆಯೊಳಗೆ ಎರಡು ಹೋಳುಗಳ ಸಿಲಿಕೋನ್ ಅಚ್ಚು, ಆ ಲೇಪಕ್ಕಾಗಿ ಕರಗಿಸುವ ಐದು ಬಣ್ಣದ ಕ್ಯಾಂಡಿ ಮೆಲ್ಟ್ಸ್ ಬಿಲ್ಲೆಗಳು, ತಿನ್ನಬಹುದಾದ ಶಾಯಿಯ ಎರಡು ಪೆನ್ನುಗಳು, ಕಾಗದದ ಕಡ್ಡಿಗಳು, ರಂಧ್ರಗಳಿರುವ ಒಂದು ಸ್ಟ್ಯಾಂಡ್ ಮತ್ತು ಮುಖಗಳ ನಮೂನೆಯ ಕಾರ್ಡುಗಳಿದ್ದವು. ಇಷ್ಟರಲ್ಲಿ ಸುಮಾರು ಮೂವತ್ತು ಬಾರಿ, ಪ್ರತಿ ಬಾರಿಯೂ ಇಪ್ಪತ್ತರ ಆಸುಪಾಸಿನಲ್ಲಿ, ಕರಡಿ, ಪಾಂಡಾ, ಕಪ್ಪೆ, ಮೊಲ, ಹಂದಿಮರಿ, ಸಿಂಹಗಳನ್ನು ಮಾಡಿದ್ದೇನೆ. ಐದಕ್ಕೆ ಮೂರು ಅಂಕ ಕೊಡುತ್ತಿದ್ದೇನೆ. ಆ ಮೂರೂ ಬಹುತೇಕ ಬಿಲ್ಲೆಗಳಿಗೇ ಸಲ್ಲುತ್ತವೆ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಅಚ್ಚಿಗೇ ಪ್ರಧಾನ ಸ್ಥಾನ. ಕೆಳಗಿನ ಹೋಳಿನ ಇಪ್ಪತ್ತು ಕುಳಿಗಳಿಗೆ ಹಿಟ್ಟು ತುಂಬಿ, ಮೇಲಿನ ಹೋಳನ್ನು ಮುಚ್ಚಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಗುಂಡಗಿನ ಕೇಕುಗಳು ಸಿದ್ಧವಾಗುತ್ತವೆ ಎನ್ನುವುದೇನೋ ನಿಜ. ಆದರೆ ಹಿಟ್ಟು ಸ್ವಲ್ಪ ಹೆಚ್ಚಾದರೆ ಎರಡು ಹೋಳುಗಳ ನಡುವಿನಿಂದ ಉಕ್ಕಿ ಉಂಡೆಯ ಸುತ್ತ ನಡುಪಟ್ಟಿ ಕಟ್ಟಿದಂತೆ ಗಟ್ಟಿಯಾಗುತ್ತದೆ, ಕಡಿಮೆಯಾದರೆ ನೆತ್ತಿ ಚಪ್ಪಟೆಯಾಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆಯೆಂದರೆ, ಹೀಗೆ ಬೆಂದ ಉಂಡೆ ಹಗುರವಾಗಿಯೂ ಸಡಿಲವಾಗಿಯೂ ಇರುವುದರಿಂದ ಕಡ್ಡಿಗೆ ಸರಿಯಾದ ಹಿಡಿತ ಸಿಗದೆ, ಬಣ್ಣದಲ್ಲಿ ಅದ್ದುವಾಗ ಉಂಡೆ ಕಡ್ಡಿಯ ಮೇಲೆ ಗರಗರನೆ ತಿರುಗುತ್ತದೆ. 2008ರಲ್ಲಿ ಈ ತಿನಿಸಿಗೆ ಹೆಸರು ತಂದುಕೊಟ್ಟ ಅಮೆರಿಕದ ಆಂಜಿ ಡಡ್ಲಿಯವರ ವಿಧಾನದಲ್ಲಿ ಅಚ್ಚೇ ಇರಲಿಲ್ಲ. ಬೆಂದ ಕೇಕನ್ನು ಪುಡಿ ಮಾಡಿ, ಫ್ರಾಸ್ಟಿಂಗ್ (ಕೇಕಿನ ಮೇಲೆ ಹಚ್ಚುವ ಸಿಹಿ ಕೆನೆ) ಬೆರೆಸಿ, ಕೈಯಲ್ಲೇ ಉಂಡೆ ಕಟ್ಟುವುದು ಅದರ ಕ್ರಮ. ನಾಲ್ಕನೆಯ ಪ್ರಯತ್ನದಿಂದ ನಾನೂ ಅದನ್ನೇ ಹಿಡಿದೆ. ಕಿಟ್‌ನ ಕೈಪಿಡಿ ಇದಕ್ಕೂ ಒಂದು ಅಳತೆ ಕೊಡುತ್ತದೆಯಾದರೂ ಅದರಲ್ಲಿ ಫ್ರಾಸ್ಟಿಂಗ್ ವಿಪರೀತ ಹೆಚ್ಚು. 500 ಗ್ರಾಂ ಪುಡಿಗೆ 120 ಗ್ರಾಂನಿಂದ ಆರಂಭಿಸಿ, ಮುಷ್ಟಿಯಲ್ಲಿ ಒತ್ತಿದರೆ ಕೂಡಿಕೊಳ್ಳುವಷ್ಟು ಮಾತ್ರ ಸೇರಿಸುವುದು ಒಳ್ಳೆಯದು, ಏಕೆಂದರೆ ಮಿಶ್ರಣ ಜಿಡ್ಡಾದಷ್ಟೂ ಉಂಡೆ ಭಾರವಾಗಿ ಕಡ್ಡಿಯುದ್ದಕ್ಕೂ ಕೆಳಗೆ ಜಾರುತ್ತದೆ. ಪ್ರತಿ ಉಂಡೆಯನ್ನೂ ತೂಗಿ 28 ಗ್ರಾಂಗೆ ನಿಲ್ಲಿಸಿದ ಮೇಲೆ ನನ್ನ ಪಾಂಡಾಗಳೆಲ್ಲ ಒಂದೇ ಕುಟುಂಬದವುಗಳಂತೆ ಕಾಣತೊಡಗಿದವು.

ಬಿಲ್ಲೆಗಳ ಬಗ್ಗೆ ನನಗೆ ಮೆಚ್ಚುಗೆಯಿದೆ. ಅಪ್ಪಟ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆ ಇರುವುದರಿಂದ ಅದನ್ನು ಹದಗೊಳಿಸಲೇಬೇಕಾಗುತ್ತದೆ: ಕಪ್ಪು ಚಾಕೊಲೇಟನ್ನು 45ರಿಂದ 50 ಡಿಗ್ರಿಯವರೆಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸದಿದ್ದರೆ ಮೇಲ್ಮೈ ಮಂಕಾಗಿ ಬಿಳಿಯ ಗೆರೆಗಳು ಮೂಡುತ್ತವೆ. ಈ ಬಿಲ್ಲೆಗಳಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುವುದರಿಂದ ಕರಗಿಸಿ ಅದ್ದಿದರೆ ಸಾಕು, ಕೆಲವೇ ನಿಮಿಷಗಳಲ್ಲಿ ಹೊಳಪಿನೊಂದಿಗೆ ಗಟ್ಟಿಯಾಗುತ್ತವೆ. ರುಚಿಯ ವಿಷಯದಲ್ಲಿ ರಾಜಿ ಅನಿವಾರ್ಯ. ಬರೀ ಸಿಹಿ, ಸ್ವಲ್ಪ ಅಂಗುಳಿಗೆ ಅಂಟುವ ಗುಣ. ಮೈಕ್ರೋವೇವಿನಲ್ಲಿ ಅರ್ಧ ಶಕ್ತಿಯಲ್ಲಿ ಮೂವತ್ತು ಮೂವತ್ತು ಸೆಕೆಂಡು ಬಿಸಿ ಮಾಡಿ, ಪ್ರತಿ ಬಾರಿಯೂ ಹೊರತೆಗೆದು ಕಲಕಬೇಕು. ಒಮ್ಮೆ ಆನೆಯ ಬೂದು ಬಣ್ಣಕ್ಕಾಗಿ ಬಿಳಿಯ ಬಿಲ್ಲೆಗಳಿಗೆ ಮನೆಯಲ್ಲಿದ್ದ ನೀರು ಬೆರೆತ ಕಪ್ಪು ಬಣ್ಣವನ್ನು ಎರಡು ಹನಿ ಹಾಕಿದೆ. ಕರಗಿದ್ದ ಬಟ್ಟಲು ಕಣ್ಣೆದುರೇ ಒದ್ದೆ ಮರಳಿನಂತಾಯಿತು. ಕೊಬ್ಬಿನಲ್ಲಿ ತೇಲುತ್ತಿರುವ ಸಕ್ಕರೆಯ ಕಣಗಳು ಆ ಚೂರು ನೀರಿಗೆ ಒಂದಕ್ಕೊಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಎಣ್ಣೆಯಲ್ಲಿ ಕರಗುವ ಬಣ್ಣವನ್ನೇ ಬಳಸಬೇಕೆಂಬ ಒಂದು ಸಾಲನ್ನು ಕೈಪಿಡಿಯಲ್ಲಿ ಮುದ್ರಿಸಿದ್ದರೆ ನನ್ನ ಆನೆಗಳು ಉಳಿಯುತ್ತಿದ್ದವು. ಒಂದು ವರ್ಷ ಇಟ್ಟಿದ್ದ ಹಳದಿ ಪೊಟ್ಟಣ ಕರಗಿದ ಮೇಲೂ ಮಂದವಾಗಿಯೇ ಉಳಿಯಿತು, ಆದರೆ 250 ಗ್ರಾಂಗೆ ಒಂದು ಟೀ ಚಮಚದಷ್ಟು ವಾಸನೆಯಿಲ್ಲದ ತೆಂಗಿನೆಣ್ಣೆ ಬೆರೆಸಿದಾಗ ಸರಿಯಾದ ಹದಕ್ಕೆ ಬಂದಿತು.

ಲೇಪ ಬಿರುಕು ಬಿಡುತ್ತದೆ ಎಂದು ಬಿಲ್ಲೆಗಳನ್ನು ದೂರುವವರಿದ್ದಾರೆ. ಮೊದಲು ನಾನೂ ದೂರಿದ್ದೆ. ತಪ್ಪು ಬಿಲ್ಲೆಯದಲ್ಲ. ಫ್ರೀಜರಿನಿಂದ ನೇರವಾಗಿ ತೆಗೆದ ಉಂಡೆಯನ್ನು ಅದ್ದಿದರೆ ಹೊರಗಿನ ಪದರ ತಕ್ಷಣ ಗಟ್ಟಿಯಾಗಿ ಕುಗ್ಗುತ್ತದೆ, ಒಳಗಿನ ತಣ್ಣನೆಯ ಕೇಕು ನಿಧಾನವಾಗಿ ಬೆಚ್ಚಗಾಗುತ್ತ ಹಿಗ್ಗುತ್ತದೆ, ಆಗ ಹಣೆಯಿಂದ ಗಲ್ಲದವರೆಗೆ ಸೀಳು ಬೀಳುತ್ತದೆ. ಉಂಡೆ ಫ್ರಿಜ್ಜಿನಲ್ಲಿ ಗಟ್ಟಿಯಾಗಿ, ಅದ್ದುವ ಮೊದಲು ಐದಾರು ನಿಮಿಷ ಹೊರಗಿರಬೇಕು. ಕಡ್ಡಿಯ ತುದಿಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಕರಗಿದ ಲೇಪದಲ್ಲಿ ಅದ್ದಿ, ಉಂಡೆಯ ಅರ್ಧದವರೆಗೆ ಮಾತ್ರ ಚುಚ್ಚಿ, ಅದು ಗಟ್ಟಿಯಾಗಲು ಬಿಟ್ಟರೆ ಬಹುಪಾಲು ಅಪಘಾತಗಳು ತಪ್ಪುತ್ತವೆ.

ಈಗ ಮುಖದ ವಿಷಯ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎಂಬ ಗಾದೆ ನನಗೆ ನಿಜವಾಗಿ ಅರ್ಥವಾದದ್ದು ಈ ಕಿಟ್‌ನ ನಮೂನೆ ಕಾರ್ಡುಗಳನ್ನು ಅನುಸರಿಸಿ ಕರಡಿ ಮಾಡಿದ ದಿನ. ಕಾರ್ಡಿನಲ್ಲಿ ಕಣ್ಣುಗಳು ಚಿಕ್ಕವು, ಒಂದರ ಪಕ್ಕ ಒಂದು, ಹಣೆಗೆ ಸಮೀಪ. ಅದರಂತೆ ಮಾಡಿದ ಇಪ್ಪತ್ತು ಕರಡಿಗಳೂ ಸಾಲ ವಸೂಲಿಗೆ ಬಂದ ಹಿರಿಯರಂತೆ ನನ್ನನ್ನೇ ದಿಟ್ಟಿಸುತ್ತಿದ್ದವು. ದೊಡ್ಡ ಹಣೆ, ಮುಖದ ಕೆಳಭಾಗದಲ್ಲಿರುವ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಈ ಮರಿಯ ಲಕ್ಷಣಗಳೇ ನಮ್ಮಲ್ಲಿ ಮುದ್ದು ಹುಟ್ಟಿಸುತ್ತವೆ ಎಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆನ್ಜ್ 1943ರಲ್ಲೇ ಬರೆದಿದ್ದರು, ಕಾರ್ಟೂನು ಬರೆಯುವವರ ಕೈಗೂ ಅದು ಗೊತ್ತು. ಕಣ್ಣುಗಳನ್ನು ಉಂಡೆಯ ನಡುಗೆರೆಗಿಂತ ತುಸು ಕೆಳಗೆ, ನಡುವೆ ಇನ್ನೊಂದು ಕಣ್ಣು ಹಿಡಿಯುವಷ್ಟು ಜಾಗ ಬಿಟ್ಟು, ಮೂತಿಯನ್ನು ಆ ಕಣ್ಣುಗಳ ಮಟ್ಟಕ್ಕೆ ಹತ್ತಿರವಾಗಿಯೇ ಕೂರಿಸಿದೆ. ಅದೇ ಉಂಡೆ, ಅದೇ ಬಣ್ಣ, ಆದರೆ ಈ ಬಾರಿ ಮರಿಕರಡಿ.

ಕಿವಿಗಳಿಗೆ ಬಿಲ್ಲೆಗಳೇ ಸಾಕಾಗುತ್ತವೆ. ಕರಡಿಯಂತೆ ಕಿವಿ ಮತ್ತು ತಲೆ ಒಂದೇ ಬಣ್ಣದ್ದಾದರೆ ಅರ್ಧ ಬಿಲ್ಲೆಗಳನ್ನು ಉಂಡೆಗೆ ಮೊದಲೇ ಅಂಟಿಸಿ ಒಟ್ಟಿಗೆ ಅದ್ದಬೇಕು, ಆಗ ಬೆಸುಗೆ ಕಾಣುವುದಿಲ್ಲ. ಪಾಂಡಾದಂತೆ ಬಣ್ಣ ಬೇರೆಯಾದರೆ ಲೇಪ ಒಣಗಿದ ಮೇಲೆ ಕೂರಿಸಬೇಕು. ಮೊಲಕ್ಕೆ ತೆಳ್ಳಗೆ ಹೆಚ್ಚಿದ ಬಾದಾಮಿ ಚೆಂದ. ತಿನ್ನುವವರಲ್ಲಿ ಬೀಜಗಳ ಅಲರ್ಜಿ ಇದ್ದರೆ ಫಾಂಡೆಂಟಿನ (ಕಣಕದಂತೆ ನಾದಿದ ಸಕ್ಕರೆಯ) ಕಿವಿಯೇ ಇರಲಿ. ಕಪ್ಪೆಯ ಕಣ್ಣು ಮುಖದಲ್ಲಿಲ್ಲ, ನೆತ್ತಿಯಲ್ಲಿದೆ, ಆದ್ದರಿಂದ ಎರಡು ಚಿಕ್ಕ ಬಿಲ್ಲೆಗಳನ್ನು ತಲೆಯ ಮೇಲೆ ನಿಲ್ಲಿಸಿ, ಉದ್ದನೆಯ ಒಂದೇ ಗೆರೆಯ ಬಾಯಿ ಎಳೆದರೆ ಮುಗಿಯಿತು. ಹೊಸಬರು ಇದರಿಂದಲೇ ಆರಂಭಿಸಲಿ. ಸಿಂಹದ ಕೇಸರ ಮಾತ್ರ ನನಗೆ ಇಂದಿಗೂ ಒಲಿದಿಲ್ಲ.

ಪೆನ್ನುಗಳು ಈ ಕಿಟ್‌ನ ಅತ್ಯಂತ ದುರ್ಬಲ ಭಾಗ. ಅವುಗಳ ಶಾಯಿ ನೀರಿನದು, ಬರೆಯಬೇಕಾದ ಮೈ ಕೊಬ್ಬಿನದು. ಗೆರೆ ನಿಲ್ಲದೆ ಸಣ್ಣ ಹನಿಗಳಾಗಿ ಒಡೆಯುತ್ತದೆ, ತುದಿಗೆ ಜಿಡ್ಡು ಮೆತ್ತಿಕೊಂಡು ಮೂರನೆಯ ಬಳಕೆಗೇ ಪೆನ್ನು ನಿಂತುಹೋಗುತ್ತದೆ. ಮಾರಿದವರಿಗೆ ಬರೆದಾಗ ಎರಡು ವಾರಗಳ ನಂತರ ಮತ್ತೊಂದು ಜೋಡಿ ಕಳುಹಿಸಿದರು. ಸೌಜನ್ಯಕ್ಕೆ ಕೊರತೆಯಿರಲಿಲ್ಲ, ಆದರೆ ಬಂದವೂ ಅದೇ ಜಾತಿಯವು. ಒಣಗಿದ ಫಾಂಡೆಂಟಿನ ಮೇಲೆ ಅವು ಚೆನ್ನಾಗಿಯೇ ಬರೆಯುತ್ತವೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಈಗ ನಾನು ಕರಗಿಸಿದ ಕಪ್ಪು ಲೇಪದಲ್ಲಿ ಟೂತ್‌ಪಿಕ್ಕಿನ ಮೊಂಡು ತುದಿಯನ್ನು ಅದ್ದಿ ಕಣ್ಣಿಡುತ್ತೇನೆ, ಅದು ಒಣಗಿದ ಮೇಲೆ ಚೂಪು ತುದಿಯಿಂದ ಬಿಳಿಯ ಚುಕ್ಕೆ ಹಾಕುತ್ತೇನೆ. ಚುಕ್ಕೆ ಎರಡೂ ಕಣ್ಣುಗಳಲ್ಲಿ ಒಂದೇ ಬದಿಗಿರಬೇಕು. ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಹೋದರೆ ಪ್ರಾಣಿಗೆ ಮೆಳ್ಳಗಣ್ಣು.

ಸ್ಟ್ಯಾಂಡ್ ಹಗುರವಾಗಿದೆ, ರಂಧ್ರಗಳ ಆಳ ಸಾಲದು. ಒಂದು ಬದಿಯಲ್ಲಿ ನಾಲ್ಕು ಹಂದಿಮರಿಗಳನ್ನು ನಿಲ್ಲಿಸಿದರೆ ಇನ್ನೊಂದು ಬದಿ ಮೇಲೇಳುತ್ತದೆ. ದಪ್ಪ ಥರ್ಮೋಕೋಲ್ ತುಂಡು ಅದಕ್ಕಿಂತ ಲೇಸು. 15 ಸೆಂಟಿಮೀಟರಿನ ಕಡ್ಡಿಗಳಲ್ಲಿ ದೋಷವಿಲ್ಲ. ಸಿದ್ಧವಾದ ಪಾಪ್‌ಗಳನ್ನು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ, ಹೊರತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಮುಚ್ಚಳ ತೆರೆಯಬಾರದು; ತೆರೆದರೆ ಗಾಳಿಯ ತೇವ ತಣ್ಣನೆಯ ಮುಖದ ಮೇಲೆ ಹನಿಗಟ್ಟಿ ಎಲ್ಲ ಪ್ರಾಣಿಗಳೂ ಬೆವರುತ್ತವೆ.

ಬಿಲ್ಲೆ ಮತ್ತು ಕಡ್ಡಿಗಳು ಬಿಡಿಯಾಗಿ ಸಿಗುವುದರಿಂದ ಎರಡನೆಯ ಕಿಟ್ ಕೊಳ್ಳುವ ಅಗತ್ಯ ನನಗೆ ಬೀಳಲಿಲ್ಲ. ಅಚ್ಚಿನ ಮೇಲಿನ ಹೋಳು ಎಲ್ಲಿದೆಯೋ ಹುಡುಕಬೇಕು. ಕೆಳಗಿನ ಹೋಳು ಮಾತ್ರ ಅಲಂಕಾರದ ದಿನ ತಪ್ಪದೆ ಮೇಜಿನ ಮೇಲಿರುತ್ತದೆ: ಇಪ್ಪತ್ತು ಕುಳಿಗಳಲ್ಲಿ ಕಿವಿ, ಮೂತಿ, ಕೊಕ್ಕು, ಸಕ್ಕರೆ ಮುತ್ತುಗಳನ್ನು ಬೆರೆಯದಂತೆ ಬೇರೆಬೇರೆ ಇಡಲು ಅಷ್ಟು ಅನುಕೂಲದ ತಟ್ಟೆ ನನಗೆ ಇನ್ನೊಂದು ಸಿಕ್ಕಿಲ್ಲ.