ಹಿತ್ತಲ ಕೋಳಿಗಳಿಗೆ ಕಬ್ಬಿಣದ ಗೂಡು: ಬಳಸಿ ನೋಡಿದ ಅಭಿಪ್ರಾಯ

ದಾವಣಗೆರೆಯ ವೆಲ್ಡಿಂಗ್ ಅಂಗಡಿಯೊಂದರಲ್ಲಿ 7,500 ರೂಪಾಯಿಗೆ ಮಾಡಿಸಿದ, ನಾಲ್ಕು ಅಡಿ ಉದ್ದ ಮೂರು ಅಡಿ ಅಗಲದ ಕಬ್ಬಿಣದ ಗೂಡಿನಲ್ಲಿ ನಮ್ಮ ಐದು ಜವಾರಿ ಹೇಂಟೆಗಳೂ ಒಂದು ಹುಂಜವೂ ಬೇಸಿಗೆ, ಮಳೆ, ಚಳಿ ಮೂರನ್ನೂ ಕಳೆದಿವೆ. ಗೂಡು ಕೊಟ್ಟ ಹಣಕ್ಕೆ ತಕ್ಕುದಾಗಿದೆ. ಮಾಡನ್ನು ಮಾತ್ರ ಅಂಗಡಿಯವರು ಹಾಕಿಕೊಟ್ಟ ಹಾಗೆಯೇ ಬಿಡಬಾರದು.

ಇದರ ದೊಡ್ಡ ಗುಣ ಸಂದುಗಳಿಲ್ಲದಿರುವುದು. ರಕ್ತ ಹೀರುವ ಕೆಂಪು ನುಸಿ ಮತ್ತು ಉಣ್ಣೆಗಳು ಹಗಲೆಲ್ಲ ಮರದ ಸಂದುಗಳಲ್ಲಿ ಅಡಗಿದ್ದು ರಾತ್ರಿ ಕೋಳಿಯ ಮೈಗೆ ಹತ್ತುವುದರಿಂದ, ಹಳೆಯ ಹಲಗೆ ಗೂಡಿನಲ್ಲಿ ಎಷ್ಟು ಔಷಧಿ ಪುಡಿ ಉದುರಿಸಿದರೂ ಕಾಟ ಮುಗಿಯುತ್ತಿರಲಿಲ್ಲ. ಇಲ್ಲಿ ಅವುಗಳಿಗೆ ಉಳಿದಿರುವ ಜಾಗವೆಂದರೆ ಕೋಳಿ ಕೂರುವ ಗಳದ ಎರಡು ತುದಿಗಳು. ಗಳವನ್ನು ಕೊಂಡಿಯಿಂದ ಎತ್ತಿ ತೆಗೆದು ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸುಣ್ಣ ಬಳಿಯಬಹುದು. ಹೇನು ಕೋಳಿಯ ಮೈಮೇಲೆಯೇ ಬದುಕುವುದರಿಂದ ಅದಕ್ಕೆ ಗೂಡು ಪರಿಹಾರವಲ್ಲ. ಆದರೆ ಬಾಗಿಲು ಅಗಲವಾಗಿರುವುದರಿಂದ ಸಂಜೆ ಒಂದೊಂದೇ ಕೋಳಿಯನ್ನು ಗಾಬರಿಪಡಿಸದೆ ಹಿಡಿದು, ಬಾಲದ ಕೆಳಗಿನ ಗರಿಗಳನ್ನು ಬಿಡಿಸಿ, ಬುಡದಲ್ಲಿ ಬಿಳಿ ಗಂಟುಗಳಾಗಿ ಅಂಟಿದ ಸೀರುಗಳಿವೆಯೇ ಎಂದು ನೋಡಬಹುದು. ಗರಿ ಉದುರಿ ಹೊಸದು ಮೊಳೆಯುವ ಕಾಲದಲ್ಲಿ ಮೈ ಮುಟ್ಟಿದರೆ ಅವಕ್ಕೆ ನೋವಾಗುತ್ತದೆ, ಆಗ ಹಿಡಿಯದಿರುವುದೇ ಮೇಲು. ಕಾಲುಗಳು ಎತ್ತರವಾಗಿದ್ದು, ಗೂಡಿನ ಕೆಳಗೆ ಬೂದಿ ಬೆರೆಸಿದ ಒಣಮಣ್ಣು ಹಾಕಿಟ್ಟರೆ ಮಳೆಗಾಲದಲ್ಲೂ ಕೋಳಿಗಳು ಹೊರಳಾಡಿ ಮೈ ಶುಚಿಗೊಳಿಸಿಕೊಳ್ಳುತ್ತವೆ.

ತೊಂದರೆ ಇರುವುದು ತಗಡಿನ ಮಾಡಿನಲ್ಲಿ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕೈ ಇಡಲಾಗುವುದಿಲ್ಲ. ಬೆವರಿನ ಗ್ರಂಥಿಗಳಿಲ್ಲದ ಕೋಳಿ ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈಯ ಕಾವು ಇಳಿಸಿಕೊಳ್ಳಬೇಕು. ಆ ದಿನಗಳಲ್ಲಿ ಅದು ಕಾಳು ತಿನ್ನುವುದು ಕಡಿಮೆಯಾಗಿ ಮೊಟ್ಟೆಯ ಚಿಪ್ಪೂ ತೆಳುವಾಗುತ್ತದೆ. ಚನ್ನಗಿರಿ ಕಡೆಯಿಂದ ತರಿಸಿದ ಅಡಿಕೆ ಸೋಗೆಯನ್ನು ತಗಡಿನಿಂದ ಒಂದು ಗೇಣು ಮೇಲಕ್ಕೆ, ನಡುವೆ ಗಾಳಿಯಾಡುವಂತೆ ಹೊದಿಸಿದ ಮೇಲೆ ಕೋಳಿಗಳು ಮಧ್ಯಾಹ್ನವೂ ನೆಮ್ಮದಿಯಾಗಿ ಒಳಗೆ ಕೂರತೊಡಗಿದವು. ಮಾಡಿಗೆ ಸೂರಂಚನ್ನೂ ಕೊಟ್ಟಿಲ್ಲವಾದ್ದರಿಂದ ಮಳೆಯ ಎರಚಲು ನೇರವಾಗಿ ಒಳಬರುತ್ತದೆ, ತಾಡಪಾಲು ಕಟ್ಟಲೇಬೇಕು. ತಳದ ತಟ್ಟೆಗೆ ಹಾಸುವ ಭತ್ತದ ಹೊಟ್ಟು ಇಲ್ಲಿನ ಅಕ್ಕಿ ಗಿರಣಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದು ನೆನೆದು ಮೂಗಿಗೆ ಘಾಟು ಬಡಿಯುವ ಮೊದಲೇ ಬದಲಿಸದಿದ್ದರೆ ಮರಿಗಳಿಗೆ ರಕ್ತಭೇದಿ ತಗುಲುವ ಅಪಾಯವಿದೆ. ಚಳಿಗಾಲಕ್ಕೆ ಗಾಳಿ ಬೀಸುವ ಬದಿಗೊಂದು ಗೋಣಿಚೀಲ ಸಾಕು.

ಮಾಡಿಸುವವರು ಜಾಲರಿಯ ಕಣ್ಣು ಅರ್ಧ ಅಂಗುಲಕ್ಕಿಂತ ದೊಡ್ಡದಾಗದಂತೆ, ತಳದ ತಟ್ಟೆ ಹೊರಗೆಳೆಯಲು ಬರುವಂತೆ, ಮಾಡು ನಾಲ್ಕೂ ಕಡೆ ಒಂದಡಿ ಚಾಚಿರುವಂತೆ ಮುಂಗಡ ಕೊಡುವಾಗಲೇ ಬರೆಸಿಕೊಳ್ಳಲಿ.