ಇಮೇಲ್‌ನಿಂದ ಕ್ಯಾಲೆಂಡರ್‌ಗೆ: ಲಿಂಕ್, ಐಸಿಎಸ್ ಫೈಲ್, ಆಹ್ವಾನ ಇವುಗಳಲ್ಲಿ ಯಾವುದು?

ಬಳ್ಳಾರಿಯ ಕೆಲವು ಜೀನ್ಸ್ ತಯಾರಕರಿಗೆ ಪ್ರಚಾರದ ಇಮೇಲ್‌ಗಳನ್ನು ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಹಬ್ಬದ ಹಂಗಾಮಿಗೆ ಮುನ್ನ ಹೊಸ ಮಾಲನ್ನು ಸಗಟು ಖರೀದಿದಾರರಿಗೆ ತೋರಿಸುವ ದಿನವನ್ನು ಅವರು ಗೊತ್ತುಮಾಡುತ್ತಾರೆ. ಆ ದಿನ ಖರೀದಿದಾರರ ಮೊಬೈಲ್ ಕ್ಯಾಲೆಂಡರ್‌ನಲ್ಲಿ ಕುಳಿತರೆ ಅರ್ಧ ಕೆಲಸ ಮುಗಿದಂತೆ. ಅದಕ್ಕಾಗಿ ಮೂರು ವಿಧಾನಗಳನ್ನು ಬಳಸಿ ನೋಡಿದ್ದೇನೆ.

ಮೊದಲನೆಯದು ಗೂಗಲ್ ಕ್ಯಾಲೆಂಡರ್‌ನ ಲಿಂಕ್. ಕಾರ್ಯಕ್ರಮದ ಹೆಸರು, ಆರಂಭ ಮತ್ತು ಮುಕ್ತಾಯದ ಸಮಯ, ಸ್ಥಳ ಎಲ್ಲವೂ ಲಿಂಕ್‌ನ ವಿಳಾಸದಲ್ಲಿಯೇ ಅಡಗಿರುತ್ತವೆ. ಒತ್ತಿದರೆ ಭರ್ತಿಯಾದ ನಮೂನೆ ತೆರೆದುಕೊಳ್ಳುತ್ತದೆ, ಸೇವ್ ಮಾಡುವುದಷ್ಟೇ ಉಳಿಯುತ್ತದೆ. ಆಂಡ್ರಾಯ್ಡ್ ಫೋನ್ ಹಿಡಿದಿರುವ ನಮ್ಮ ಬಹುಪಾಲು ಖರೀದಿದಾರರಿಗೆ ಇದಕ್ಕಿಂತ ಸುಲಭವಾದದ್ದು ನನಗೆ ಕಂಡಿಲ್ಲ. ಆದರೆ ಕನ್ನಡದ ಒಂದೊಂದು ಅಕ್ಷರ ಚಿಹ್ನೆಯೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಷ್ಟು ಜಾಗ ತಿನ್ನುವುದರಿಂದ, ವಿವರವನ್ನೆಲ್ಲ ಅದರಲ್ಲಿ ತುಂಬಿದರೆ ಲಿಂಕ್ ಮೈಲುದ್ದವಾಗುತ್ತದೆ. ಆದ್ದರಿಂದ ಹೆಸರು, ಸಮಯ ಮತ್ತು ಸ್ಥಳವನ್ನು ಮಾತ್ರ ಇಟ್ಟು, ಉಳಿದದ್ದನ್ನು ಇಮೇಲ್‌ಗೇ ಬಿಡುತ್ತೇನೆ. ಗೂಗಲ್ ಖಾತೆ ಇಲ್ಲದವರಿಗೆ ಈ ಲಿಂಕ್ ನಿರುಪಯೋಗಿ.

ಅಂಥವರಿಗಾಗಿ ಇರುವುದು ಐಸಿಎಸ್ ಫೈಲ್, ಅಂದರೆ ಕಾರ್ಯಕ್ರಮದ ವಿವರಗಳನ್ನು ಹೊತ್ತು ಬೇರೆ ಬೇರೆ ಕ್ಯಾಲೆಂಡರ್‌ಗಳಲ್ಲಿ ತೆರೆದುಕೊಳ್ಳುವ ಪುಟ್ಟ ಫೈಲ್. ಇದರ ಮಾನದಂಡ 1998ರಲ್ಲಿ ಬಂದು 2009ರಲ್ಲಿ ಪರಿಷ್ಕರಣೆಗೊಂಡಿತು. ಐಫೋನ್, ಔಟ್‌ಲುಕ್, ಗೂಗಲ್ ಮೂರೂ ಇದನ್ನು ಓದಬಲ್ಲವು. ಸರಿಯಾಗಿ ತೆರೆದುಕೊಂಡಾಗ ಇದು ಅಚ್ಚುಕಟ್ಟಾದ ವಿಧಾನ, ಏಕೆಂದರೆ ಹಿಂದಿನ ದಿನವೇ ನೆನಪಿಸುವ ಅಲಾರಾಂ ಕೂಡ ಫೈಲ್‌ನೊಳಗೆ ಇಡಬಹುದು. ತೊಂದರೆ ಎದುರಾಗುವುದು ಕೆಲವು ಅಗ್ಗದ ಫೋನ್‌ಗಳಲ್ಲಿ: ಫೈಲ್ ಡೌನ್‌ಲೋಡ್ ಆಗಿ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ, ಮಾಲೀಕರಿಗೆ ಅದರ ಪತ್ತೆಯೇ ಇರುವುದಿಲ್ಲ. ತಯಾರಿಸುವವರೂ ಎರಡು ಕಡೆ ಎಚ್ಚರ ವಹಿಸಬೇಕು. ಸಮಯದ ಕೊನೆಯಲ್ಲಿ ‘ಝಡ್’ ಅಕ್ಷರವಿದ್ದರೆ ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಬೆಳಿಗ್ಗೆ 10 ಗಂಟೆಯನ್ನು ಹಾಗೆಯೇ ಬರೆದು ಝಡ್ ಸೇರಿಸಿದರೆ ಇಲ್ಲಿನ ಫೋನ್‌ನಲ್ಲಿ ಮಧ್ಯಾಹ್ನ 3:30 ಎಂದು ಕಾಣಿಸುತ್ತದೆ, ಹಾಗಾಗಿ ಬೆಳಗಿನ ಜಾವ 4:30 ಎಂದೇ ಬರೆಯಬೇಕು. ಇನ್ನೊಂದು, ಸಾಲುಗಳನ್ನು 75 ಬೈಟ್‌ಗೆ (ಬೈಟ್ ಎಂದರೆ ಕಂಪ್ಯೂಟರ್ ಅಕ್ಷರಗಳನ್ನು ಅಳೆಯುವ ಘಟಕ) ಮಡಚಿ ಮುಂದಿನ ಸಾಲಿಗೆ ಒಯ್ಯಬೇಕೆಂಬ ನಿಯಮ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ 25 ಚಿಹ್ನೆಗಳಿಗೇ ಸಾಲು ತುಂಬುತ್ತದೆ, ಮತ್ತು ಮಡಿಕೆ ಚಿಹ್ನೆಯ ನಡುವೆ ಬಿದ್ದರೆ ಅಂಗಡಿಯ ಹೆಸರಿನಲ್ಲಿ ಪ್ರಶ್ನಾರ್ಥಕಗಳು ಮೂಡಬಹುದು.

ಮೂರನೆಯದು ಆಹ್ವಾನ. ಫೈಲ್ ಅದೇ, ಆದರೆ ಅದರಲ್ಲಿ ‘ರಿಕ್ವೆಸ್ಟ್’ ಎಂಬ ಸೂಚನೆ ಇರುವುದರಿಂದ ಜಿಮೇಲ್ ಅದನ್ನು ಸಭೆಯ ಕರೆಯಂತೆ, ಬರುತ್ತೇನೆ ಅಥವಾ ಇಲ್ಲ ಎಂಬ ಗುಂಡಿಗಳೊಂದಿಗೆ ತೋರಿಸುತ್ತದೆ. ಖರೀದಿದಾರರು ಇಟ್ಟುಕೊಂಡ ಸೆಟ್ಟಿಂಗ್‌ಗೆ ಅನುಸಾರವಾಗಿ, ಅವರು ಏನನ್ನೂ ಒತ್ತದಿದ್ದರೂ ಅದು ಕ್ಯಾಲೆಂಡರ್‌ಗೆ ಸೇರಿಬಿಡಬಹುದು. ಇಂಥ ಕಿರಿಕಿರಿ ಹೆಚ್ಚಿದ್ದರಿಂದಲೇ ಗೂಗಲ್ 2022ರಲ್ಲಿ, ಪರಿಚಿತರು ಕಳಿಸಿದ್ದನ್ನು ಮಾತ್ರ ತಾನಾಗಿ ಸೇರಿಸುವ ಆಯ್ಕೆಯನ್ನು ತಂದಿತು. ಕೌಲ್ ಬಜಾರಿನ ಒಬ್ಬ ಹಿರಿಯ ವ್ಯಾಪಾರಿ ನನಗೆ ಫೋನ್ ಮಾಡಿ, “ನಮ್ಮ ಡೈರಿಯೊಳಗ ನೀವ್ಯಾಕ ಬರೀತೀರಿ?” ಎಂದು ಕೇಳಿದರು. ಅವರ ಆಕ್ಷೇಪಕ್ಕೆ ಉತ್ತರವಿರಲಿಲ್ಲ.

ಆದರೂ ದಿನಾಂಕ ಬದಲಾದಾಗ ಲೆಕ್ಕ ತಿರುಗುತ್ತದೆ. ಲಿಂಕ್‌ನಿಂದ ಸೇರಿದ್ದು ಬರೀ ನಕಲು. ತಿದ್ದಲು ನಮಗೆ ದಾರಿಯೇ ಇಲ್ಲ. ಐಸಿಎಸ್‌ನಲ್ಲಿ ಹಳೆಯ ಗುರುತಿನ ಸಂಖ್ಯೆಯನ್ನೇ ಉಳಿಸಿಕೊಂಡು ಹೊಸ ಫೈಲ್ ಕಳಿಸಬಹುದಾದರೂ ಖರೀದಿದಾರರು ಅದನ್ನು ಮತ್ತೆ ತೆರೆಯಬೇಕು. ಆಹ್ವಾನದಲ್ಲಿ ಮಾತ್ರ ನಮ್ಮ ತಿದ್ದುಪಡಿ ನೇರವಾಗಿ ಅವರ ಕ್ಯಾಲೆಂಡರ್‌ಗೆ ತಲುಪುತ್ತದೆ. ನಮ್ಮ ಕ್ಯಾಲೆಂಡರನ್ನೇ ಖರೀದಿದಾರರು ತಮ್ಮದಕ್ಕೆ ಜೋಡಿಸಿಕೊಳ್ಳುವ ಚಂದಾದಾರಿಕೆಯ ಕ್ಯಾಲೆಂಡರ್ ಕೂಡ ತಾನಾಗಿ ಬದಲಾಗುತ್ತದೆ, ಆದರೆ ಗೂಗಲ್ ಅದನ್ನು ಮತ್ತೆ ಓದುವಷ್ಟರಲ್ಲಿ ಗಂಟೆಗಟ್ಟಲೆ ಕಳೆದಿರುತ್ತದೆ, ಅಲ್ಲದೆ ಒಂದು ದಿನದ ಮಾಲು ನೋಡಲು ಯಾರೂ ಚಂದಾದಾರರಾಗುವುದಿಲ್ಲ.

ಆದ್ದರಿಂದ ಎಲ್ಲರಿಗೂ ಹೋಗುವ ಪ್ರಚಾರದ ಇಮೇಲ್‌ನಲ್ಲಿ ಗೂಗಲ್ ಲಿಂಕನ್ನು ಮೊದಲ ಗುಂಡಿಯಾಗಿಯೂ, ಐಸಿಎಸ್ ಫೈಲನ್ನು ಲಗತ್ತಿಸದೆ ಎರಡನೆಯ ಲಿಂಕ್ ಆಗಿಯೂ ಇಡುತ್ತೇನೆ. ಬರುವುದಾಗಿ ಒಪ್ಪಿದವರಿಗೆ ಮಾತ್ರ ಆಹ್ವಾನ ಹೋಗುತ್ತದೆ. ಗುಂಡಿಗಳ ಮೇಲ್ಗಡೆ ದಿನಾಂಕ, ವಾರ ಮತ್ತು ಸಮಯವನ್ನು ಚಿತ್ರದಲ್ಲಿ ಅಲ್ಲದೆ ಅಕ್ಷರಗಳಲ್ಲಿಯೇ ಬರೆಯುತ್ತೇನೆ, ಏಕೆಂದರೆ ಖರೀದಿದಾರರು ತಮ್ಮ ಪಾಲುದಾರರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಆ ಸಾಲನ್ನು ಮಾತ್ರ.